ಅಪ್‌ಡೇಟ್: ವಿದೇಶದ ಫೆಲೋಶಿಪ್ ಸಿಕ್ಕಿತು!

ಅನುವಾದದ ಚರಿತ್ರೆ ಬರೆಯುತ್ತಿದ್ದೇನೆ, ಅಲ್ಲೇ ಉಳಿದು ಕೆಲಸ ಮಾಡುವಂಥ ವಿದೇಶಿ ಫೆಲೋಶಿಪ್‌ಗಳಲ್ಲಿ ಯಾವುದಕ್ಕೆ ಅರ್ಜಿ ಹಾಕಲಿ ಅಂತ ಹೋದ ವರ್ಷ ಕೇಳಿದ್ದೆ. ಇಟಲಿಯ ಬೊಲ್ಯಾಸ್ಕೊದಲ್ಲಿ ಒಂದು ತಿಂಗಳು ಸಿಕ್ಕಿದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಪಟ್ಟಿ ಸಣ್ಣದು ಮಾಡಿಕೊಳ್ಳಿ ಅಂದಿದ್ದಿರಿ, ಅದೇ ಸರಿ. ಇಟಲಿಯಲ್ಲೇ ಇರುವ ಇನ್ನೊಂದು ಫೆಲೋಶಿಪ್, ಚಿವಿಟೆಲ್ಲಾ ರನಿಯೇರಿಗೆ, ನಾವಾಗಿ ಅರ್ಜಿ ಹಾಕುವಂತಿಲ್ಲ, ಬೇರೆಯವರು ನಮ್ಮ ಹೆಸರು ಸೂಚಿಸಬೇಕು. 1907ರಿಂದ ನಡೆಯುತ್ತಿರುವ ಅಮೆರಿಕದ ಮ್ಯಾಕ್‌ಡೊವೆಲ್ ಕಲಾವಿದರಿಗೆ, ನನ್ನ ಚರಿತ್ರೆಯ ಕೆಲಸಕ್ಕೆ ಹೊಂದುವುದಿಲ್ಲ. ಬರ್ಲಿನ್‌ನ ವಿಸೆನ್‌ಶಾಫ್ಟ್ಸ್‌ಕೊಲೆಗ್ ಎಂಬ ಸಂಶೋಧನಾ ಸಂಸ್ಥೆಯ ಫೆಲೋಶಿಪ್ ಹತ್ತು ತಿಂಗಳದ್ದು, ನನಗೆ ಅಷ್ಟು ರಜೆ ಇಲ್ಲ.

ಜಾಸ್ತಿ ಕಷ್ಟಪಟ್ಟಿದ್ದು ಯೋಜನೆಯ ವಿವರಣೆಗೆ. ಮೊದಲ ಸಾಲು ‘ಬರೆಯಲು ಶಾಂತವಾದ ಜಾಗ ಬೇಕು’ ಅಂತಿತ್ತು. ಅದು ಎಲ್ಲರಿಗೂ ಬೇಕು, ಅಲ್ವಾ? ಅದನ್ನು ಹೊಡೆದುಹಾಕಿ, ‘ಮೂರನೇ ಅಧ್ಯಾಯ ಅಲ್ಲಿ ಮುಗಿಸುತ್ತೇನೆ, ಬೇಕಾದ ಹಸ್ತಪ್ರತಿಗಳ ಫೋಟೋ ಆಗಲೇ ನನ್ನ ಹತ್ತಿರ ಇವೆ’ ಅಂತ ಬರೆದೆ. ಬರೆದಾಗಲೇ ನನಗೂ ಕೆಲಸ ಸ್ಪಷ್ಟವಾಯಿತು. ಶಿಫಾರಸು ಪತ್ರ ಬರೆಯುವವರಿಗೂ ಅದೇ ಪುಟ ಕಳಿಸಿದೆ.

ಖರ್ಚಿನ ಬಗ್ಗೆ ಕೇಳಿದ್ದವರಿಗೆ: ಇಂಥ ಎಷ್ಟೋ ಕಡೆ ವಾಸ, ಊಟ ಅವರದು, ವಿಮಾನದ ಟಿಕೆಟ್ ನಮ್ಮದು. ಮೊದಲೇ ಕೇಳಿಕೊಳ್ಳಿ. ಒಂದೇ ತಿಂಗಳಾದ್ದರಿಂದ 90 ದಿನದ ಒಳಗಿನ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಒಂದೇ) ವೀಸಾಗೆ ಹಾಕುತ್ತಿದ್ದೇನೆ. ಆಹ್ವಾನ ಪತ್ರ ನಿನ್ನೆ ಕೈಗೆ ಬಂತು.