ಜಿಪ್ಸಿ ಎಂಜಿನ್ ಮರುಜೋಡಣೆ: ಟಾರ್ಕ್ ನೋಡಬೇಕೋ, ಅಶ್ವಶಕ್ತಿ ನೋಡಬೇಕೋ?

ತೋಟದಜಿಪ್ಸಿ ಬರೆದದ್ದು:

ನನ್ನ ಬಳಿ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆಯಾಗಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ) ಕಾಲದ ಮಾರುತಿ ಜಿಪ್ಸಿ ಕಿಂಗ್ ಇದೆ. ವಿಪರೀತ ಎಣ್ಣೆ ಕುಡಿಯತೊಡಗಿದ್ದರಿಂದ ಅದರ 1.3 ಲೀಟರ್ ಎಂಜಿನ್ನನ್ನು ಬಿಚ್ಚಿಸಿದ್ದೇನೆ. ಸಿಲಿಂಡರುಗಳನ್ನು ಅರ್ಧ ಮಿಲಿಮೀಟರ್ ಕೊರೆಸಿ ಹೊಸ ಪಿಸ್ಟನ್ ಕೂರಿಸುವುದು ಹೇಗೂ ಅನಿವಾರ್ಯ. ವರ್ಷದ ಹೆಚ್ಚಿನ ದಿನಗಳಲ್ಲಿ ಈ ಗಾಡಿ ಕೊಡಗಿನ ಕಾಫಿ ತೋಟದ ಏರುಹಾದಿಯಲ್ಲಿ ಗೊಬ್ಬರದ ಮೂಟೆ ಹೊರುತ್ತದೆ. ವರ್ಷಕ್ಕೆರಡು ಬಾರಿ ಆಟೋಕ್ರಾಸ್‌ಗೂ (ಮಣ್ಣಿನ ಹಾದಿಯ ಕಾರು ಸ್ಪರ್ಧೆ) ಹೋಗುತ್ತದೆ. ಒಬ್ಬ ಮೆಕ್ಯಾನಿಕ್, ದೊಡ್ಡ ಕ್ಯಾಮ್ (ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ದಂಡ) ಹಾಕಿ 8000 ಆರ್‌ಪಿಎಂವರೆಗೆ (ನಿಮಿಷಕ್ಕೆ ಅಷ್ಟು ಸುತ್ತು) ತಿರುಗಿಸಿದರೆ 110 ಅಶ್ವಶಕ್ತಿ ಬರುತ್ತದೆ ಎನ್ನುತ್ತಾರೆ. ಇನ್ನೊಬ್ಬರು, ಗಾಡಿಯನ್ನು ಎಳೆಯುವುದು ಟಾರ್ಕ್, ಅಶ್ವಶಕ್ತಿ ಬರೀ ಜಾಹೀರಾತಿನ ಅಂಕಿ ಎನ್ನುತ್ತಾರೆ. ಇವೆರಡೂ ನಿಜವಾಗಿ ಬೇರೆ ಬೇರೆಯೇ? ನಾನು ಯಾವುದಕ್ಕೆ ಹಣ ಹಾಕಬೇಕು?

ಗಾಣದೆತ್ತು ಉತ್ತರಿಸಿದ್ದು:

ಇಬ್ಬರೂ ಅರ್ಧ ಸತ್ಯ ಹೇಳಿದ್ದಾರೆ. ಎಣ್ಣೆ ಗಾಣವನ್ನು ನೆನಪಿಸಿಕೊಳ್ಳಿ. ಎತ್ತು ಎಳೆಯುವ ಬಲವನ್ನು ನಡುಗಂಬದಿಂದ ಅದಿರುವ ದೂರದಿಂದ ಗುಣಿಸಿದರೆ ಸಿಗುವುದು ಟಾರ್ಕ್; ಆ ಟಾರ್ಕಿನಿಂದ ನಿಮಿಷಕ್ಕೆ ಎಷ್ಟು ಸುತ್ತು ಬರುತ್ತದೆ ಎಂಬುದನ್ನೂ ಸೇರಿಸಿಕೊಂಡರೆ ಅದು ಶಕ್ತಿ. ಮರದ ತೊಲೆಯನ್ನು ಎರಡು ಪಟ್ಟು ಉದ್ದ ಮಾಡಿದರೆ ಅದೇ ಎತ್ತಿನಿಂದ ಟಾರ್ಕ್ ಇಮ್ಮಡಿಯಾಗುತ್ತದೆ, ಆದರೆ ಅದೇ ನಡಿಗೆಯಲ್ಲಿ ಸುತ್ತುಗಳು ಅರ್ಧಕ್ಕೆ ಇಳಿಯುತ್ತವೆ; ಎತ್ತಿನ ಶಕ್ತಿ ಮಾತ್ರ ಇದ್ದಷ್ಟೇ ಇರುತ್ತದೆ. ಗೇರ್‌ಬಾಕ್ಸ್ ಮಾಡುವುದೂ ಇದನ್ನೇ. ಜೇಮ್ಸ್ ವ್ಯಾಟ್ ಅಶ್ವಶಕ್ತಿಯ ಲೆಕ್ಕ ಹಾಕಿದ್ದೂ ಗಿರಣಿಯ ಸುತ್ತ ನಡೆಯುವ ಕುದುರೆಯನ್ನು ನೋಡಿಯೇ ಎನ್ನುತ್ತಾರೆ.

ಈಗ ನಿಮ್ಮ ಎಂಜಿನ್ನಿನ ಲೆಕ್ಕ. ಕಂಪನಿ ಕೊಟ್ಟ ಅಂಕಿಗಳು 6000 ಆರ್‌ಪಿಎಂನಲ್ಲಿ 80 ಅಶ್ವಶಕ್ತಿ, 4500ರಲ್ಲಿ 103 ನ್ಯೂಟನ್ ಮೀಟರ್ ಟಾರ್ಕ್. ನ್ಯೂಟನ್ ಮೀಟರನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. ಅಂದರೆ ಟಾರ್ಕ್ ಶಿಖರದಲ್ಲಿರುವಾಗ ಎಂಜಿನ್ನಿನ ಶಕ್ತಿ ಸುಮಾರು 65 ಅಶ್ವಶಕ್ತಿ ಮಾತ್ರ. 6000ಕ್ಕೆ ಬರುವಾಗ ಟಾರ್ಕ್ ಸುಮಾರು 95ಕ್ಕೆ ಕುಸಿದಿದ್ದರೂ ವೇಗ ಅದಕ್ಕಿಂತ ಹೆಚ್ಚು ಏರಿರುವುದರಿಂದ ಶಕ್ತಿ 80 ಮುಟ್ಟುತ್ತದೆ. ಒಂದೇ ಗೇರಿನಲ್ಲಿ ಗಾಡಿ ಅತಿ ಬಿರುಸಾಗಿ ಎಳೆಯುವುದು ಟಾರ್ಕಿನ ಶಿಖರದಲ್ಲಿ, ನಿಜ. ಆದರೆ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಯಾವ ಗೇರ್ ಬೇಕಾದರೂ ಆರಿಸಿಕೊಳ್ಳುವ ಅವಕಾಶವಿದ್ದರೆ, ಚಕ್ರಕ್ಕೆ ಹೆಚ್ಚು ಬಲ ಕೊಡುವುದು ಎಂಜಿನ್ನನ್ನು ಶಕ್ತಿಯ ಶಿಖರದ ಬಳಿ ಇಡುವ ಗೇರ್.

ಡೀಸೆಲ್‌ಪ್ರಿಯ ಉತ್ತರಿಸಿದ್ದು:

ಹಾಗಾದರೆ ಹಳೆಯ ಡೀಸೆಲ್ ಸ್ವಿಫ್ಟ್ ಕೇವಲ 75 ಅಶ್ವಶಕ್ತಿ ಇಟ್ಟುಕೊಂಡು ಘಾಟಿಯಲ್ಲಿ ಪೆಟ್ರೋಲ್ ಗಾಡಿಗಳನ್ನು ಹಿಂದೆ ಹಾಕುತ್ತಿದ್ದುದು ಹೇಗೆ? ಅದರ 190 ನ್ಯೂಟನ್ ಮೀಟರ್ ಟಾರ್ಕಿನಿಂದಲ್ಲವೇ?

ಗಾಣದೆತ್ತು ಉತ್ತರಿಸಿದ್ದು:

ಆ 190 ಸಿಗುತ್ತಿದ್ದುದು 2000 ಆರ್‌ಪಿಎಂನಲ್ಲಿ, ಅಂದರೆ ಅಲ್ಲೇ ಸುಮಾರು 54 ಅಶ್ವಶಕ್ತಿ ಕೈಗೆ ಬರುತ್ತಿತ್ತು. ಅಷ್ಟು ಕೆಳಗಿನ ವೇಗದಲ್ಲಿ ಆ ಗಾತ್ರದ ಪೆಟ್ರೋಲ್ ಎಂಜಿನ್ ಅದರ ಅರ್ಧದ ಆಸುಪಾಸಿನಲ್ಲಿರುತ್ತದೆ. ಘಾಟಿಯಲ್ಲಿ ಗೇರ್ ಇಳಿಸದೆ ಓಡಿಸುವವರಿಗೆ ಡೀಸೆಲ್ ಬಲಶಾಲಿ ಅನ್ನಿಸುವುದು ಇದಕ್ಕೇ. ಪೆಟ್ರೋಲ್ ಗಾಡಿಯವರು ಎರಡನೇ ಗೇರಿಗೆ ಇಳಿದು ಎಂಜಿನ್ನನ್ನು 5500ರಲ್ಲಿ ಕೂಗಿಸಿದ್ದರೆ ಚಿತ್ರ ಬೇರೆಯಾಗುತ್ತಿತ್ತು. ಕೂಗಿಸಲು ನಮ್ಮವರಿಗೆ ಮನಸ್ಸು ಬರುವುದಿಲ್ಲ, ಅಷ್ಟೇ.

ಹಳೇಶೆಡ್ ಉತ್ತರಿಸಿದ್ದು:

ಸೂತ್ರ ಸರಿಯಾಗಿದೆ, ಜೋಡಿಸುವವನ ಕಣ್ಣಿನಿಂದ ಎರಡು ಮಾತು ಸೇರಿಸುತ್ತೇನೆ. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ನಿನಲ್ಲಿ ಟಾರ್ಕ್ ಶಿಖರ ಎಷ್ಟೇ ಹಣ ಸುರಿದರೂ ಬಹಳ ಏರುವುದಿಲ್ಲ, ಏಕೆಂದರೆ ಸಿಲಿಂಡರಿಗೆ ಒಂದು ಸಲಕ್ಕೆ ಹಿಡಿಸುವ ಗಾಳಿಗೆ ಮಿತಿಯಿದೆ. ನೀವು ಕೊರೆಸುತ್ತಿರುವ ಅರ್ಧ ಮಿಲಿಮೀಟರಿನಿಂದ ಹೆಚ್ಚುವುದು ಹದಿನೆಂಟು ಸಿಸಿ, ಅದನ್ನು ಮರೆತುಬಿಡಿ. ನಿಮ್ಮದೇ ಜಿ13ಬಿ ಕುಟುಂಬದ, ಇದೇ 74 ಮಿಲಿಮೀಟರ್ ಬೋರ್ (ಸಿಲಿಂಡರಿನ ವ್ಯಾಸ) ಮತ್ತು 75.5 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಇದ್ದ ಎರಡು ಕ್ಯಾಮಿನ ಎಂಜಿನ್ನನ್ನು ಸುಜುಕಿ ಹೊರದೇಶಗಳಲ್ಲಿ ಸ್ವಿಫ್ಟ್ ಜಿಟಿಐಗೆ ಹಾಕಿತ್ತು. ಅದು ಕೊಟ್ಟದ್ದು 113 ನ್ಯೂಟನ್ ಮೀಟರ್, ನಿಮ್ಮದಕ್ಕಿಂತ ಹತ್ತೇ ಹೆಚ್ಚು. ಅಶ್ವಶಕ್ತಿ ಮಾತ್ರ ನೂರರ ಹತ್ತಿರ. ಆ ಇಪ್ಪತ್ತು ಬಂದದ್ದು ಟಾರ್ಕನ್ನು 6500ರ ಬಳಿಯವರೆಗೂ ಬೀಳಗೊಡದೆ ಹಿಡಿದದ್ದರಿಂದ. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ, ಟಾರ್ಕ್ ಯಾವ ಆರ್‌ಪಿಎಂನಲ್ಲಿ ಬೇಕು ಎಂಬುದು.

ದೊಡ್ಡ ಕ್ಯಾಮ್ ಗಾಳಿ ಒಳಬರುವ ಇನ್‌ಟೇಕ್ ವಾಲ್ವನ್ನು ತಡವಾಗಿ ಮುಚ್ಚುತ್ತದೆ. ಮೇಲಿನ ವೇಗದಲ್ಲಿ ನುಗ್ಗಿ ಬರುವ ಗಾಳಿಗೆ ಅದು ಅನುಕೂಲ. 2000ದಲ್ಲಿ ಮಾತ್ರ ಒಳಗೆ ಬಂದ ಗಾಳಿಯನ್ನೇ ಪಿಸ್ಟನ್ ವಾಪಸ್ ತಳ್ಳಿಬಿಡುತ್ತದೆ. ಮೂಟೆ ಹೊತ್ತು ತೋಟದ ತಿರುವು ಹತ್ತುವಾಗ ನೀವಿರುವುದು ಸರಿಯಾಗಿ ಅಲ್ಲಿಯೇ. ಅದರ ಮೇಲೆ 6000ದಿಂದ 8000ಕ್ಕೆ ಹೋದರೆ ಕನೆಕ್ಟಿಂಗ್ ರಾಡಿನ ಮೇಲೆ ಪಿಸ್ಟನ್ ಎಳೆತದ ಬಲ ಸುಮಾರು 1.8 ಪಟ್ಟಾಗುತ್ತದೆ, ಆದ್ದರಿಂದ ರಾಡ್ ಬೋಲ್ಟ್, ವಾಲ್ವ್ ಸ್ಪ್ರಿಂಗ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಎಲ್ಲದಕ್ಕೂ ಪ್ರತ್ಯೇಕ ಬಿಲ್ ಬರುತ್ತದೆ.

ಗೇರನ್ನೂ ನೋಡಿ. ಜಿಪ್ಸಿಯ ಮೊದಲ ಗೇರ್ 3.65, ಎರಡನೆಯದು 1.95. 6500ರಲ್ಲಿ ಗೇರ್ ಬದಲಿಸಿದರೆ ಸೂಜಿ 3500ರ ಸಮೀಪ ಬಂದು ಬೀಳುತ್ತದೆ. 5000ದ ಮೇಲಷ್ಟೇ ಎಚ್ಚರಗೊಳ್ಳುವ ಕ್ಯಾಮ್ ಹಾಕಿದರೆ ಆಟೋಕ್ರಾಸ್‌ನಲ್ಲೂ ಪ್ರತಿ ತಿರುವಿನಾಚೆ ಎಂಜಿನ್ ನಿದ್ದೆಯಿಂದ ಏಳುವವರೆಗೆ ಕಾಯಬೇಕಾಗುತ್ತದೆ. ನಾನಾಗಿದ್ದರೆ ಮೂಲ ಕ್ಯಾಮನ್ನೇ ಉಳಿಸಿಕೊಂಡು, ಹೆಡ್ಡಿನ ಪೋರ್ಟ್‌ಗಳ ಅಂಚನ್ನು ಹದಮಾಡಿಸಿ, ವಾಲ್ವ್ ಸೀಟುಗಳನ್ನು ಶ್ರದ್ಧೆಯಿಂದ ಕಡೆಸಿ, ನಿಮಗೆ ಸಿಗುವ ಪೆಟ್ರೋಲಿನಲ್ಲಿ ನಾಕ್ (ಇಂಧನ ತಾನಾಗಿಯೇ ಸಿಡಿದು ಬಡಿಯುವುದು) ಆಗದಷ್ಟು ಮಾತ್ರ ಕಂಪ್ರೆಷನ್ (ಸಿಲಿಂಡರಿನೊಳಗಿನ ಗಾಳಿಯನ್ನು ಒತ್ತುವ ಪ್ರಮಾಣ) ಏರಿಸಿಕೊಳ್ಳುತ್ತಿದ್ದೆ. ಕಂಪ್ರೆಷನ್ ಏರಿದರೆ ಟಾರ್ಕ್ ಕೆಳಗಿನಿಂದ ಮೇಲಿನವರೆಗೂ ತುಸು ಹೆಚ್ಚುತ್ತದೆ.

ತೋಟದಜಿಪ್ಸಿ ಬರೆದದ್ದು:

ಕ್ಯಾಮಿನ ಆಸೆ ಬಿಟ್ಟೆ. ಕೆಲಸ ಮುಗಿದ ಮೇಲೆ ಡೈನೊ (ಟಾರ್ಕ್, ಶಕ್ತಿ ಅಳೆಯುವ ಯಂತ್ರದ ಪರೀಕ್ಷೆ) ಮಾಡಿಸಿದರೆ ಯಾವ ಅಂಕಿ ನೋಡಲಿ?

ಹಳೇಶೆಡ್ ಉತ್ತರಿಸಿದ್ದು:

ಶಿಖರದ ಅಂಕಿಯೊಂದನ್ನೇ ಹೇಳಿ ಕಳಿಸಲು ಬಿಡಬೇಡಿ. 2000ದಿಂದ 6500ರವರೆಗಿನ ಪೂರ್ತಿ ಗ್ರಾಫ್ ಅಚ್ಚು ಹಾಕಿಸಿಕೊಳ್ಳಿ. ಚಕ್ರದಲ್ಲಿ ಅಳೆದದ್ದು ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಮತ್ತು ಡಿಫರೆನ್ಷಿಯಲ್‌ಗಳಲ್ಲಿ ಸವೆದು ಬಂದ ಶಕ್ತಿಯಾದ್ದರಿಂದ 80ಕ್ಕಿಂತ ಸಾಕಷ್ಟು ಕಡಿಮೆ ತೋರಿಸುತ್ತದೆ, ಗಾಬರಿಯಾಗಬೇಡಿ. ಪರಿಚಯದಲ್ಲಿ ಯಾರದಾದರೂ ಬದಲಾವಣೆ ಮಾಡದ ಜಿಪ್ಸಿ ಇದ್ದರೆ ಅದೇ ದಿನ ಅದೇ ಡೈನೊ ಮೇಲೆ ಅದನ್ನೂ ಏರಿಸಿ, ಎರಡು ಗ್ರಾಫ್‌ಗಳನ್ನು ಒಂದರ ಮೇಲೊಂದು ಇಟ್ಟು 3500ರಿಂದ 6500ರ ನಡುವಿನ ಅಂತರವನ್ನು ನೋಡಿ.