ನಿವೃತ್ತರ ಕಲಿಕೆ ಕೂಟ: ‘ಪಾಠ ಮಾಡಿ’ ಅಂದ ಮೇಲೆ ಅವರು ಬರುವುದನ್ನೇ ಬಿಟ್ಟರು, ಏನು ಮಾಡಲಿ?

ಪ್ರಶ್ನೆ: ನಿವೃತ್ತ ಟೆಲಿಫೋನ್ ಆಪರೇಟರ್

ಎಲ್ಲರಿಗೂ ನಮಸ್ಕಾರ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ 34 ವರ್ಷ ಆಪರೇಟರ್ ಆಗಿದ್ದು ನಿವೃತ್ತಳಾದವಳು ನಾನು. ಮೂರು ವರ್ಷದಿಂದ ನಮ್ಮ ನಿವೃತ್ತರ ಕಲಿಕೆ ಕೂಟದ ಸಂಚಾಲಕಿ. ರಿಜಿಸ್ಟರಿನಲ್ಲಿ 41 ಹೆಸರಿವೆ. ಬುಧವಾರ ಸಂಜೆ ಬರುವವರು 15, ಹೆಚ್ಚೆಂದರೆ 18.

ವಾರಕ್ಕೊಬ್ಬರು ಹೊರಗಿನ ಅತಿಥಿಯನ್ನು ಕರೆಸುವುದು ನಮ್ಮ ರೂಢಿ. ಉಯಿಲು ಬರೆಯುವುದು ಹೇಗೆ, ಮೊಣಕಾಲು ನೋವು, ಫೋನಿನಲ್ಲಿ ಬರುವ ಮೋಸದ ಕರೆಗಳು, ಹೀಗೆ. ಎಲ್ಲರೂ ಶ್ರದ್ಧೆಯಿಂದ ಕೇಳುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಮನೆಗೆ ಹೋಗುತ್ತಾರೆ. ಮುಂದಿನ ವಾರ ‘ಹೋದ ಸಲ ಏನು ಹೇಳಿದರು’ ಅಂತ ಕೇಳಿದರೆ ಒಬ್ಬರಿಗೂ ನೆಟ್ಟಗೆ ನೆನಪಿರುವುದಿಲ್ಲ. ನನಗೂ ಇರುವುದಿಲ್ಲ.

ಎರಡು ತಿಂಗಳ ಹಿಂದೆ ಒಂದು ಬುಧವಾರ ಅತಿಥಿ ಕೊನೇ ಗಳಿಗೆಯಲ್ಲಿ ಬರಲಾಗುವುದಿಲ್ಲ ಅಂದರು. ಬಂದವರು ಬಂದಾಗಿದೆ, ಸುಮ್ಮನೆ ಕೂತಿದ್ದೆವು. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂರುವ ಹಿರಿಯರೊಬ್ಬರಿದ್ದಾರೆ. ಹಾಜರಿ ಕೂಗಿದಾಗ ಬಿಟ್ಟರೆ ಎರಡು ವರ್ಷದಲ್ಲಿ ಬಾಯಿ ತೆರೆದವರಲ್ಲ. ರೈಲ್ವೆಯಲ್ಲಿದ್ದವರು ಅಂತ ಮಾತ್ರ ನಮಗೆ ಗೊತ್ತು. ಪಕ್ಕದವರು ಹೊತ್ತು ಕಳೆಯಲು ‘ಒಂದೇ ಹಳಿ ಇರೋ ಕಡೆ ಎದುರುಬದುರು ಗಾಡಿ ಬರದ ಹಾಗೆ ಹೇಗೆ ನೋಡ್ಕೋತಿದ್ರಿ?’ ಅಂತ ಕೇಳಿದರು. ಅವರು ಟೋಕನ್ ವಿಚಾರ ಎತ್ತಿದರು. ಅಕ್ಕಪಕ್ಕದ ಎರಡು ಸ್ಟೇಷನ್ನುಗಳಲ್ಲಿ ಒಂದೊಂದು ಯಂತ್ರ, ಎರಡಕ್ಕೂ ತಂತಿಯ ನಂಟು. ಒಂದು ಟೋಕನ್ ಹೊರಗೆ ಬಂತು ಅಂದರೆ, ಅದು ಮತ್ತೆ ಯಂತ್ರದೊಳಗೆ ಸೇರುವ ತನಕ ಎರಡೂ ಕಡೆ ಇನ್ನೊಂದು ಹೊರಗೆ ಬರುವುದಿಲ್ಲ. ಡ್ರೈವರ್ ಕೈಯಲ್ಲಿ ಟೋಕನ್ ಇಲ್ಲದೆ ಗಾಡಿ ಹೊರಡುವಂತಿಲ್ಲ. ಎರಡು ಕನ್ನಡಕದ ಡಬ್ಬಿಗಳನ್ನು ಸ್ಟೇಷನ್ ಮಾಡಿ, ಒಂದು ಬೀಗದ ಕೈಯನ್ನು ಟೋಕನ್ ಮಾಡಿ ತೋರಿಸಿದರು. ನಾವೆಲ್ಲ ಅವರ ಸುತ್ತ ಕುರ್ಚಿ ಎಳೆದುಕೊಂಡು ಕೂತೆವು. ಕತ್ತಲಾದರೂ ಒಬ್ಬರೂ ಏಳಲಿಲ್ಲ.

ನನಗೆ ಹಿಡಿಸಲಾರದ ಖುಷಿ. ಅಲ್ಲೇ ಎಲ್ಲರೆದುರು ‘ಮುಂದಿನ ಬುಧವಾರ ನೀವೇ ಒಂದು ಗಂಟೆ ಪಾಠ ಮಾಡಬೇಕು ಸರ್’ ಅಂದೆ. ಬೋರ್ಡಿನ ಮೇಲೆ ಅವರ ಹೆಸರನ್ನೂ ಬರೆದುಬಿಟ್ಟೆ. ‘ನಂಗೆ ಪಾಠ ಮಾಡೋಕೆ ಬರಲ್ಲಮ್ಮ’ ಅಂದರು. ಆ ಬುಧವಾರ ಬರಲಿಲ್ಲ, ಆಮೇಲೂ ಬಂದಿಲ್ಲ. ಏಳು ವಾರವಾಯಿತು. ಫೋನ್ ಮಾಡಿದರೆ ‘ಮೈಗೆ ಅಷ್ಟು ಹುಷಾರಿಲ್ಲ’ ಅನ್ನುತ್ತಾರೆ.

ಅವರ ಖಾಲಿ ಕುರ್ಚಿ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವರನ್ನು ಮತ್ತೆ ಕರೆತರುವುದು ಹೇಗೆ? ನಮ್ಮಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರಿದ್ದಾರೆ, ಬಟ್ಟೆ ಹೊಲಿಯುತ್ತಿದ್ದವರಿದ್ದಾರೆ, ಸರ್ವೆ ನಕ್ಷೆ ಬರೆಯುತ್ತಿದ್ದವರಿದ್ದಾರೆ. ಇವರನ್ನೆಲ್ಲ ಹೆದರಿಸದೆ ಬಾಯಿ ಬಿಡಿಸುವುದು ಹೇಗೆ? ನಿಮ್ಮ ನಿಮ್ಮ ಕೂಟಗಳಲ್ಲಿ ಹೇಗೆ ಮಾಡುತ್ತೀರಿ, ತಿಳಿಸಿ.

ಉತ್ತರ 1: ನಿವೃತ್ತ ವಿಜ್ಞಾನ ಮೇಷ್ಟ್ರು

ಮೇಡಂ, ನೀವು ಪ್ರೀತಿಯಿಂದಲೇ ಕೇಳಿದ್ದೀರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಹಿರಿಯರು ಮಾತಾಡಿದ್ದು ಒಂದು ಪ್ರಶ್ನೆಗೆ. ನೀವು ಕೇಳಿದ್ದು ಒಂದು ಗಂಟೆಯ ಭಾಷಣ. ಎರಡೂ ಬೇರೆ ಬೇರೆ. ನಾನು ಜೀವನವಿಡೀ ತರಗತಿಯಲ್ಲಿ ನಿಂತವನು, ನನಗೇ ಸರೀಕರ ಎದುರು ಮೊದಲ ಸಲ ನಿಂತಾಗ ಗಂಟಲು ಒಣಗಿತ್ತು.

ನಮ್ಮಂಥ ಕೂಟಗಳ ಚರಿತ್ರೆಯಲ್ಲೇ ಈ ಎರಡು ದಾರಿ ಇವೆ. 1973ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಪಿಯರ್ ವೆಲ್ಲಾ ಅನ್ನುವ ಪ್ರಾಧ್ಯಾಪಕರು ‘ಮೂರನೇ ವಯಸ್ಸಿನ ವಿಶ್ವವಿದ್ಯಾಲಯ’ ಶುರು ಮಾಡಿದರು. ಅಲ್ಲಿ ಕಲಿಸುವವರು ವಿಶ್ವವಿದ್ಯಾಲಯದವರು, ಕೇಳುವವರು ನಿವೃತ್ತರು. 1980ರ ದಶಕದ ಆರಂಭದಲ್ಲಿ ಈ ಯೋಚನೆ ಬ್ರಿಟನ್ನಿಗೆ ಹೋದಾಗ ಕೇಂಬ್ರಿಜ್‌ನ ಇತಿಹಾಸಕಾರ ಪೀಟರ್ ಲ್ಯಾಸ್ಲೆಟ್ ಮತ್ತು ಅವರ ಜೊತೆಗಾರರು ಅದನ್ನು ತಿರುವಿ ಹಾಕಿದರು: ಹೊರಗಿನ ಮೇಷ್ಟ್ರು ಬೇಡ, ಕಲಿಯುವವರೇ ಕಲಿಸಲಿ, ಕಲಿಸುವವರೂ ಇನ್ನೊಂದು ಗುಂಪಿನಲ್ಲಿ ಕಲಿಯಲಿ. ಪರೀಕ್ಷೆ ಇಲ್ಲ, ಪದವಿ ಇಲ್ಲ, ಸೇರಲು ಯಾವ ಸರ್ಟಿಫಿಕೇಟೂ ಬೇಕಿಲ್ಲ. ಇದಕ್ಕೂ ಮೊದಲೇ, 1962ರಲ್ಲಿ, ನ್ಯೂಯಾರ್ಕಿನ ನ್ಯೂ ಸ್ಕೂಲ್‌ನಲ್ಲಿ ನಿವೃತ್ತರು ತಮ್ಮ ತರಗತಿಗಳನ್ನು ತಾವೇ ನಡೆಸಿಕೊಳ್ಳಲು ತೊಡಗಿದ್ದರು. ನಿಮ್ಮದು ಈಗ ಟುಲೂಸ್ ದಾರಿ, ನಿಮ್ಮ ಮನಸ್ಸಿರುವುದು ಕೇಂಬ್ರಿಜ್ ದಾರಿಯಲ್ಲಿ. ದಾರಿ ಬದಲಿಸಬೇಕಾದರೆ 18 ಜನರ ಸಭೆಯನ್ನು ಮೊದಲು ಒಡೆಯಬೇಕು. ಐದಾರು ಜನರ ಗುಂಪು, ಒಂದು ಮೇಜು, ಮೇಜಿನ ಮೇಲೊಂದು ವಸ್ತು. ನಿಮ್ಮ ರೈಲ್ವೆಯವರಿಗೆ ಕನ್ನಡಕದ ಡಬ್ಬಿ ಮಾಡಿದ ಉಪಕಾರವನ್ನು ಮೈಕು ಮಾಡಲಾರದು. ಕೈಗೆ ಒಂದು ವಸ್ತು ಸಿಕ್ಕಿದರೆ ಕಣ್ಣು ಅದರ ಮೇಲೆ ನಿಲ್ಲುತ್ತದೆ, ಎದುರಿನ ಮುಖಗಳ ಅಂಜಿಕೆ ಕಡಿಮೆಯಾಗುತ್ತದೆ.

ನಮ್ಮ ಆಕಾಶ ನೋಡುವ ಗುಂಪಿನ ವಿಷಯ ಹೇಳಬೇಕು. ಏಳು ಜನ, ಒಂದು ಬೈನಾಕ್ಯುಲರ್. ಗುರುಗ್ರಹವನ್ನು ಕೈಯಲ್ಲಿ ಹಿಡಿದು ನೋಡಿದರೆ ಅಲುಗುತ್ತದೆ, ಕಂಬಕ್ಕೆ ಒತ್ತಿ ಹಿಡಿದರೆ ಪಕ್ಕದಲ್ಲಿ ಸಣ್ಣ ಚುಕ್ಕಿಗಳು ಕಾಣುತ್ತವೆ. 1610ರ ಜನವರಿಯಲ್ಲಿ ಗೆಲಿಲಿಯೋ ಕಂಡ ಆ ನಾಲ್ಕು ಚಂದ್ರರೇ ಇವು. ನಾನು ಏನನ್ನೂ ವಿವರಿಸಲಿಲ್ಲ. ಒಬ್ಬೊಬ್ಬರಿಗೂ ಒಂದು ಹಾಳೆ ಕೊಟ್ಟೆ: ನಡುವೆ ಒಂದು ಸೊನ್ನೆ, ಕಂಡ ಕಡೆ ಚುಕ್ಕಿ ಇಡಿ, ತಾರೀಖು ಬರೆಯಿರಿ, ಅಷ್ಟೇ. ಹನ್ನೆರಡು ರಾತ್ರಿಯ ಹಾಳೆಗಳನ್ನು ಒಂದರ ಕೆಳಗೊಂದು ಅಂಟಿಸಿದಾಗ, ದರ್ಜಿ ಕೆಲಸ ಮಾಡಿದ್ದ ಅಮ್ಮ ಒಬ್ಬರು ಬೆರಳಿಟ್ಟು ‘ಇದೊಂದು ದೂರ ಹೋಗುತ್ತೆ, ನಿಧಾನವಾಗಿ ವಾಪಸ್ ಬರುತ್ತೆ, ಅದೊಂದು ಹತ್ತಿರದಲ್ಲೇ ಓಡಾಡುತ್ತೆ’ ಅಂದರು. ದೂರದ್ದು ಕ್ಯಾಲಿಸ್ಟೋ, ಒಂದು ಸುತ್ತಿಗೆ ಸುಮಾರು 17 ದಿನ. ಹತ್ತಿರದ್ದು ಐಯೋ, ಎರಡು ದಿನವೂ ಬೇಡ. ನಾನು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದದ್ದನ್ನು ಅವರು ಚುಕ್ಕಿಗಳಲ್ಲಿ ಓದಿಬಿಟ್ಟರು. ಹೊಲಿಗೆಯ ಗುರುತು ನೋಡಿ ಪಳಗಿದ ಕಣ್ಣು ಅದು. ಈಗ ಆ ಗುಂಪು ನಡೆಸುವವರು ಅವರೇ, ನಾನು ಹಾಳೆ ಹಂಚುತ್ತೇನೆ.

ಇನ್ನು ಮರೆವಿನ ಮಾತು. ಅದಕ್ಕೆ ವಯಸ್ಸೊಂದನ್ನೇ ದೂರಬೇಡಿ. ಹರ್ಮನ್ ಎಬಿಂಗ್‌ಹೌಸ್ ತಾನೇ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಆಗ ಅವನಿಗೆ 35 ತುಂಬಿತ್ತು. ಕಲಿತದ್ದರಲ್ಲಿ ದೊಡ್ಡ ಪಾಲು ಮೊದಲ ದಿನವೇ ಜಾರುತ್ತದೆ. ತಡೆಯುವ ಉಪಾಯವೂ ಗೊತ್ತಿರುವುದೇ: ಪುಸ್ತಕ ಮುಚ್ಚಿ ನೆನಪಿನಿಂದ ಹೇಳುವುದು, ದಿನ ಬಿಟ್ಟು ಮತ್ತೆ ಹೇಳುವುದು. ನಮ್ಮ ಸಭೆಯ ಮೊದಲ ಹತ್ತು ನಿಮಿಷ ಹೋದ ವಾರದ್ದನ್ನು ನೆನಪು ಮಾಡಿಕೊಳ್ಳಲು ಮೀಸಲು. ಒಬ್ಬರು ಎಳೆ ಹಿಡಿಯುತ್ತಾರೆ, ಇನ್ನೊಬ್ಬರು ಮುಂದುವರಿಸುತ್ತಾರೆ. ನೋಟು ಪುಸ್ತಕ ತೆರೆಯುವುದು ಕೊನೆಗೆ.

ಉತ್ತರ 2: ಕಿವಿಗೆ ಯಂತ್ರ ಹಾಕಿಕೊಳ್ಳುವವನು

ಮೇಷ್ಟ್ರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಹಿಂದಿನ ಸಾಲಿನವರು ಸುಮ್ಮನಿರುವುದಕ್ಕೆ ಸಂಕೋಚವೇ ಕಾರಣ ಅಂದುಕೊಳ್ಳಬೇಡಿ. ಕೇಳಿಸದೆ ಇರಬಹುದು. ವಯಸ್ಸಾದಂತೆ ಮೊದಲು ಹೋಗುವುದು ಕೀರಲು ಸ್ವರಗಳು. ಮಾತಿನ ದನಿ ಕೇಳಿಸುತ್ತದೆ, ಸ ಶ ತರಹದ ಅಕ್ಷರಗಳು ಮಾತ್ರ ಕಳಚಿಕೊಳ್ಳುತ್ತವೆ. ‘ಸಾಕು’ ಅಂದರೋ ‘ಹಾಕು’ ಅಂದರೋ ಗೊತ್ತಾಗುವುದಿಲ್ಲ. ಎರಡು ಸಲ ‘ಆಂ?’ ಅಂದ ಮೇಲೆ ಮೂರನೇ ಸಲ ಕೇಳಲು ಮನಸ್ಸು ಬಾರದು. ತಲೆ ಆಡಿಸಿ ಸುಮ್ಮನಾಗುತ್ತೇವೆ. ನಾನು ಹಾಗೆ ನಾಲ್ಕು ವರ್ಷ ತಲೆ ಆಡಿಸಿದ್ದೇನೆ.

ಕಿರುಚಿದರೆ ಉಪಯೋಗವಿಲ್ಲ, ನಿಧಾನವಾಗಿ ಬಿಡಿಸಿ ಹೇಳಬೇಕು. ಕುರ್ಚಿಗಳನ್ನು ಸಾಲಾಗಿ ಇಡದೆ ದುಂಡಗೆ ಇಡಿ, ಆಗ ಎಲ್ಲರ ತುಟಿ ಕಾಣುತ್ತದೆ. ಮಾತಾಡುವವರು ಕಿಟಕಿಗೆ ಬೆನ್ನು ಮಾಡಿ ಕೂರಬಾರದು, ಮುಖ ಕಪ್ಪಾಗುತ್ತದೆ. ಸದ್ದು ಮಾಡುವ ಫ್ಯಾನ್ ಆರಿಸಿ. ಒಂದು ಸಲಕ್ಕೆ ಒಬ್ಬರೇ ಮಾತಾಡಲಿ. ದೀಪ ಜಾಸ್ತಿ ಇರಲಿ. 20ರ ಕಣ್ಣು ಓದುವ ಬೆಳಕಿಗಿಂತ 60ರ ಕಣ್ಣಿಗೆ ಸುಮಾರು ಮೂರು ಪಟ್ಟು ಬೇಕು. ಆವತ್ತು ನೀವೆಲ್ಲ ಕುರ್ಚಿ ಎಳೆದುಕೊಂಡು ಸುತ್ತ ಕೂತಿರಲ್ಲ, ಆ ಹಿರಿಯರಿಗೆ ಎಲ್ಲರ ಪ್ರಶ್ನೆಯೂ ಕೇಳಿಸಿದ್ದು ಪ್ರಾಯಶಃ ಅವತ್ತೇ.

ಉತ್ತರ 3: ನಿವೃತ್ತ ದಾದಿ

ನನಗೆ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಅತಿಥಿಗಳನ್ನು ಪೂರ್ತಿ ಬಿಡಬೇಡಿ. ಔಷಧಿ, ಕಾನೂನು, ಹಣಕಾಸು ಇಂಥವನ್ನು ಬಲ್ಲವರೇ ಹೇಳಬೇಕು. ನಮ್ಮ ಕೂಟದಲ್ಲೊಮ್ಮೆ ಸದಸ್ಯರೊಬ್ಬರು ರಕ್ತದೊತ್ತಡದ ಮಾತ್ರೆಯ ಬಗ್ಗೆ ತಮಗೆ ತೋಚಿದ್ದು ಹೇಳಿದರು. ಕೇಳಿದ ಇಬ್ಬರು ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ಅವರ ಮನೆಗಳಿಗೆ ಹೋಗಿ ತಿಳಿಹೇಳುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ತಿಂಗಳಿಗೊಂದು ವಾರ ಅತಿಥಿ, ಮೂರು ವಾರ ಸದಸ್ಯರು, ಹೀಗೆ ನಾವು ಹಂಚಿಕೊಂಡಿದ್ದೇವೆ.

ಮತ್ತೆ, ಎಲ್ಲರೂ ಕಲಿಸಲೇಬೇಕು ಅಂತಲೂ ಇಲ್ಲ. ಮೇಷ್ಟ್ರು ಹೇಳಿದ ಬ್ರಿಟನ್ನಿನ ಮೂಲ ನಿಯಮದಲ್ಲೇ, ಕಲಿಸಲಾಗದವರು ಬೇರೆ ರೀತಿಯಲ್ಲಿ ನೆರವಾಗಲಿ ಅಂತಿದೆ. ನಮ್ಮಲ್ಲಿ ಒಬ್ಬರು ಬರದವರಿಗೆ ಫೋನ್ ಮಾಡಿ ವಿಚಾರಿಸುತ್ತಾರೆ, ಅಷ್ಟೇ ಅವರ ಕೆಲಸ. ಬಿದ್ದು ಸೊಂಟ ಮುರಿದುಕೊಂಡವರೊಬ್ಬರು ಸಿಕ್ಕಿದ್ದು ಅವರ ಫೋನಿನಿಂದ. ಆ ಕೆಲಸ ಯಾವ ಪಾಠಕ್ಕೂ ಕಡಿಮೆಯಲ್ಲ.

ಉತ್ತರ 4: ಸದಸ್ಯರೊಬ್ಬರ ಮಗಳು

ನಾನು ನಿವೃತ್ತಳಲ್ಲ, ಆದರೂ ಬರೆಯುತ್ತಿದ್ದೇನೆ. ನಮ್ಮ ಅಪ್ಪನೂ ಹೀಗೇ ಕೂಟ ಬಿಟ್ಟಿದ್ದರು. ‘ಯಾಕೆ ಬರ್ತಿಲ್ಲ’ ಅಂತ ಫೋನ್ ಬಂದಾಗಲೆಲ್ಲ ಇನ್ನಷ್ಟು ಗಟ್ಟಿಯಾಗುತ್ತಿದ್ದರು. ಅದು ಅವರಿಗೆ ಹಾಜರಿ ಕೇಳಿದ ಹಾಗಿತ್ತು. ಒಂದು ದಿನ ಒಬ್ಬರು ಮನೆಗೇ ಬಂದು, ಕೂಟದ ಸುದ್ದಿಯನ್ನೇ ಎತ್ತದೆ, ‘ನಿಮ್ಮ ಕಾಲದಲ್ಲಿ ಲೆಕ್ಕದ ಪುಸ್ತಕ ಎರಡು ಪೈಸೆ ತಾಳೆಯಾಗದಿದ್ರೆ ಎಲ್ಲಿಂದ ಹುಡುಕೋಕೆ ಶುರು ಮಾಡ್ತಿದ್ರಿ?’ ಅಂದರು. ಅಪ್ಪ ಪೆನ್ಸಿಲ್ ತರಲು ಎದ್ದರು. ಕೇಳುವುದಾದರೆ ನಿಮಗೆ ನಿಜವಾಗಿ ತಿಳಿಯಬೇಕಾದದ್ದನ್ನೇ ಕೇಳಿ ಆಂಟಿ. ಕೇಳಬೇಕಲ್ಲ ಅಂತ ಕೇಳಿದರೆ ಅವರಿಗೆ ಗೊತ್ತಾಗಿಬಿಡುತ್ತದೆ.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ನಂತರ

ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳಲಿ. ಮಗಳ ಮಾತು ನೆಚ್ಚಿಕೊಂಡು ಆ ಹಿರಿಯರ ಮನೆಗೆ ಹೋದೆ. ಬೋರ್ಡಿನ ಮೇಲೆ ಹೆಸರು ಬರೆದದ್ದಕ್ಕೆ ಮೊದಲು ಕ್ಷಮೆ ಕೇಳಿದೆ. ಆಮೇಲೆ, ನನ್ನನ್ನು ನಿಜಕ್ಕೂ ಕೊರೆಯುತ್ತಿದ್ದ ಪ್ರಶ್ನೆ: ಗಾಡಿ ನಿಲ್ಲದೆ ಹೋಗುವ ಸ್ಟೇಷನ್ನಿನಲ್ಲಿ ಟೋಕನ್ ಕೊಡುತ್ತಿದ್ದದ್ದು ಹೇಗೆ? ಅವರು ಎದ್ದು ನಿಂತು ತೋರಿಸಿದರು. ಟೋಕನ್ನನ್ನು ಚರ್ಮದ ಚೀಲದಲ್ಲಿ ಹಾಕಿ, ಚೀಲವನ್ನು ದೊಡ್ಡ ಬಳೆಯಂಥ ಉಂಗುರಕ್ಕೆ ಕಟ್ಟಿ ಎತ್ತಿ ಹಿಡಿಯುವುದು, ಇಂಜಿನ್ನಿನಲ್ಲಿರುವವರು ತೋಳು ಚಾಚಿ ಉಂಗುರದೊಳಗೆ ತೂರಿಸಿ ಕಿತ್ತುಕೊಳ್ಳುವುದು. ‘ತೋಳಿಗೆ ಏಟು ಬೀಳ್ತಿರಲಿಲ್ವಾ ಸರ್?’ ಅಂದೆ. ‘ಬೀಳ್ತಿತ್ತು, ಅದಕ್ಕೇ ಬಳೆಯನ್ನ ಬಿಗಿಯಾಗಿ ಹಿಡೀಬಾರದು’ ಅಂದರು. ಮುಂದಿನ ಬುಧವಾರ ತಾವಾಗಿಯೇ ಬಂದರು, ಕೈಯಲ್ಲಿ ಬೆತ್ತ ಬಗ್ಗಿಸಿ ಮಾಡಿದ ಉಂಗುರ. ಕುರ್ಚಿಗಳು ದುಂಡಗಿದ್ದವು, ಫ್ಯಾನ್ ಆರಿಸಿತ್ತು. ಯಾರೂ ಪಾಠ ಅನ್ನಲಿಲ್ಲ.

ಅವತ್ತು ಅವರು ನನ್ನ ಕಡೆ ತಿರುಗಿ ‘ನೀವು ಮೂರು ವರ್ಷದಿಂದ ನಮ್ಮನ್ನೆಲ್ಲ ಮಾತಾಡಿಸ್ತೀರಿ, ನಿಮ್ಮ ಕೆಲಸ ಏನಿತ್ತು ಅಂತ ಹೇಳಲೇ ಇಲ್ವಲ್ಲಮ್ಮ’ ಅಂದರು. ನಾನು ನಿರುತ್ತರಳಾದೆ. ಹಾಗಾಗಿ ಹೋದ ವಾರ ನನ್ನ ಸರದಿ. ಹಳೆಯ ಹೆಡ್‌ಫೋನಿನ ದಪ್ಪ ಪ್ಲಗ್ ಒಂದು ಮನೆಯಲ್ಲಿತ್ತು, ತೆಗೆದುಕೊಂಡು ಹೋದೆ. ಆ ಕಾಲು ಇಂಚಿನ ಪ್ಲಗ್ ಹುಟ್ಟಿದ್ದೇ ನಮ್ಮ ಸ್ವಿಚ್‌ಬೋರ್ಡಿಗಾಗಿ, ಇವತ್ತಿನ ಚಿಕ್ಕ ಇಯರ್‌ಫೋನ್ ಪ್ಲಗ್ ಅದರದೇ ಮರಿ. ಪ್ಲಗ್ಗನ್ನು ಪೂರ್ತಿ ತೂರಿಸುವ ಮೊದಲು ಅದರ ಮೂತಿಯನ್ನು ರಂಧ್ರದ ಅಂಚಿಗೆ ಮುಟ್ಟಿಸುತ್ತಿದ್ದೆವು. ಕಿವಿಯಲ್ಲಿ ‘ಟಕ್’ ಅಂದರೆ ಆ ಲೈನಿನಲ್ಲಿ ಆಗಲೇ ಯಾರೋ ಮಾತಾಡುತ್ತಿದ್ದಾರೆ ಅಂತ. ಅಷ್ಟು ವರ್ಷ ಕೇಳಿದ ಆ ‘ಟಕ್’ ಅನ್ನು ನಾಲಿಗೆಯಲ್ಲಿ ಮಾಡಿ ತೋರಿಸಿದೆ. ಶುರುವಿನಲ್ಲಿ ಈ ಕೆಲಸಕ್ಕೆ ಹುಡುಗರನ್ನು ಇಟ್ಟುಕೊಂಡಿದ್ದರು, ಅವರ ಒರಟು ಮಾತಿಗೆ ಗಿರಾಕಿಗಳು ಬೇಸತ್ತರು, 1878ರಲ್ಲಿ ಬಾಸ್ಟನ್‌ನಲ್ಲಿ ಎಮಾ ನಟ್ ಮೊದಲ ಮಹಿಳಾ ಆಪರೇಟರ್ ಆದರು ಅಂತ ಹೇಳಿದಾಗ ನಮ್ಮ ಹೆಂಗಸರ ಸಾಲು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ಬೇರೆ ಥರ ಇತ್ತು.

ದಾದಿ ಮೇಡಂ, ನಿಮ್ಮ ಮಾತೂ ಇಟ್ಟುಕೊಂಡಿದ್ದೇವೆ, ತಿಂಗಳಿಗೊಬ್ಬ ಅತಿಥಿ ಇರುತ್ತಾರೆ. ನಕ್ಷೆಯವರು ಇನ್ನೂ ಬಾಯಿ ಬಿಟ್ಟಿಲ್ಲ, ಅವಸರವಿಲ್ಲ. ಈ ಬುಧವಾರಕ್ಕೆ ಅಚ್ಚುಮೊಳೆಯವರಿಗೆ ಒಂದು ಪ್ರಶ್ನೆ ಸಿದ್ಧವಾಗಿದೆ, ರೈಲ್ವೆಯವರದೇ: ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದಲ್ಲ, ಜೋಡಿಸಿದ ಸಾಲನ್ನು ಓದುತ್ತಿದ್ದದ್ದು ಎಡದಿಂದಲೋ, ಬಲದಿಂದಲೋ?