ಕ್ರೇನ್ ಬಿಡಿಭಾಗಕ್ಕೆಲ್ಲ 8431.49 ಹಾಕಿದೆ, ಕಸ್ಟಮ್ಸ್‌ನವರು ಕೊಕ್ಕೆ ಹಾಕಿದರು

ಮಾಸ್ಟ್‌ಮೇಲೆ:
ಎಲ್ಲರಿಗೂ ನಮಸ್ಕಾರ. ಆಮದು ಕೆಲಸಕ್ಕೆ ಹೊಸಬ, ಮೊದಲ ಸಲವೇ ಸಿಕ್ಕಿಹಾಕಿಕೊಂಡಿದ್ದೇನೆ. ನಮ್ಮ ಟವರ್ ಕ್ರೇನಿಗೆ ಬಿಡಿಭಾಗ ತರಿಸಿದೆವು. ಕಂಟೇನರಿನಲ್ಲಿ ಇರುವುದು ಎರಡು ಮಾಸ್ಟ್ ಸೆಕ್ಷನ್ (ಕ್ರೇನಿನ ಕಂಬದ ತುಂಡುಗಳು), ಭಾರ ಎತ್ತುವ ವಿಂಚ್ ಒಂದು, ವೈರ್ ರೋಪ್, ನಾಲ್ಕು ರಾಟೆ, ಒಂದು ಸ್ಲೂಯಿಂಗ್ ರಿಂಗ್ (ಕ್ರೇನಿನ ಮೇಲ್ಭಾಗ ತಿರುಗುವ ದೊಡ್ಡ ಬಳೆ), ಮತ್ತೆ ಒಂದು ಪೆಟ್ಟಿಗೆ ಮಾಸ್ಟ್ ಬೋಲ್ಟ್.

ಮಾರಿದವರು ಇನ್‌ವಾಯ್ಸಿನಲ್ಲಿ ‘ಟವರ್ ಕ್ರೇನ್ ಬಿಡಿಭಾಗಗಳು’ ಎಂದು ಒಂದೇ ಸಾಲು ಬರೆದಿದ್ದರು. ನಾನೂ ಎಲ್ಲಕ್ಕೂ ಕ್ರೇನ್ ಬಿಡಿಭಾಗದ ಕಸ್ಟಮ್ಸ್ ಕೋಡ್ 8431.49 ಹಾಕಿದೆ. ಈಗ ಒಂದೊಂದು ವಸ್ತುವಿಗೂ ಆಧಾರ ಕೊಡಿ ಎಂದು ಪತ್ರ ಬಂದಿದೆ. ಎಲ್ಲವೂ ಈ ಕ್ರೇನಿಗೆ ಅಂತಲೇ ಮಾಡಿದ್ದು. ಬೋಲ್ಟಿನ ಮೇಲೂ ಕಂಪನಿಯ ಪಾರ್ಟ್ ನಂಬರ್ ಇದೆ. ಮತ್ತೆ ತಪ್ಪೆಲ್ಲಿ?

ಹಳೇಏಜೆಂಟ್:
ಉತ್ತರಕ್ಕೆ ಮುಂಚೆ ಮೂರು ಪ್ರಶ್ನೆ. ವಿಂಚಿನಲ್ಲಿ ಮೋಟರ್, ಗಿಯರ್‌ಬಾಕ್ಸ್, ಡ್ರಮ್ ಒಂದೇ ಫ್ರೇಮಿನ ಮೇಲೆ ಕೂತಿವೆಯಾ? ರೋಪಿನ ತುದಿಗೆ ಸಾಕೆಟ್ ಹಾಕಿದ್ದಾರಾ? ಸ್ಲೂಯಿಂಗ್ ರಿಂಗಿನ ಡ್ರಾಯಿಂಗ್ ಇದೆಯಾ?

ಮಾಸ್ಟ್‌ಮೇಲೆ:
ಹೌದು ಸರ್, ವಿಂಚ್ ಪೂರ್ತಿ ಜೋಡಿಸಿಯೇ ಬಂದಿದೆ. ಕರೆಂಟ್ ಮೋಟರ್. ರೋಪನ್ನು ಅಳತೆಗೆ ಕತ್ತರಿಸಿ ಒಂದು ತುದಿಗೆ ಸಾಕೆಟ್ ಕೂರಿಸಿದ್ದಾರೆ. ರಿಂಗಿನ ಡ್ರಾಯಿಂಗ್ ಇಲ್ಲ, ಫೋಟೊ ಇದೆ. ಹೊರಗಡೆ ಸುತ್ತಲೂ ಹಲ್ಲು.

ಹಳೇಏಜೆಂಟ್:
ಸರಿ, ಗೊತ್ತಾಯಿತು. ನೀವು ಕೇಳಿಕೊಂಡ ಪ್ರಶ್ನೆ ‘ಇದು ಯಾವ ಯಂತ್ರಕ್ಕೆ ಸೇರಿದ್ದು?’ ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದ್ದು ‘ಈ ವಸ್ತುವಿಗೆ ತನ್ನದೇ ಶೀರ್ಷಿಕೆ ಇದೆಯಾ?’ ಎಂದು. ಶೀರ್ಷಿಕೆ ಅಂದರೆ ಕೋಡಿನ ಮೊದಲ ನಾಲ್ಕು ಅಂಕಿ, ಆರು ಅಂಕಿಯದ್ದು ಉಪಶೀರ್ಷಿಕೆ.

ಎಚ್‌ಎಸ್ ಪುಸ್ತಕದಲ್ಲಿ, ಅಂದರೆ ಕಸ್ಟಮ್ಸ್ ಕೋಡುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ, ಯಂತ್ರಗಳ 84 ಮತ್ತು 85ನೇ ಅಧ್ಯಾಯ ಸೇರಿ 16ನೇ ವಿಭಾಗ. ಅದರ ಶುರುವಿನ ಟಿಪ್ಪಣಿಗಳನ್ನು ಯಾರೂ ಓದುವುದಿಲ್ಲ, ಜಗಳವೆಲ್ಲ ಹುಟ್ಟುವುದು ಅಲ್ಲೇ. 2ನೇ ಟಿಪ್ಪಣಿ ಹೇಳುವುದು ಇಷ್ಟು: ಬಿಡಿಭಾಗವೇ ಆದರೂ ಅದಕ್ಕೆ ಈ ಎರಡು ಅಧ್ಯಾಯಗಳಲ್ಲಿ ಸ್ವಂತ ಶೀರ್ಷಿಕೆ ಇದ್ದರೆ ಅಲ್ಲಿಗೇ ಹೋಗಬೇಕು. ಹಾಗೆ ಸ್ವಂತ ಮನೆ ಇಲ್ಲದೆ ಉಳಿದದ್ದು, ಮುಖ್ಯವಾಗಿ ಕ್ರೇನಿಗೇ ಬಳಸುವಂಥದ್ದಾದರೆ ಮಾತ್ರ, 8431ಕ್ಕೆ.

ಅದಕ್ಕೂ ಮೊದಲು 1ನೇ ಟಿಪ್ಪಣಿ ಇದೆ. ‘ಸಾಮಾನ್ಯ ಬಳಕೆಯ ಭಾಗ’ಗಳನ್ನು ಅದು ಈ ವಿಭಾಗದಿಂದಲೇ ಆಚೆ ಹಾಕುತ್ತದೆ. ಆ ಪಟ್ಟಿ ಸಿಗುವುದು 15ನೇ ವಿಭಾಗದ 2ನೇ ಟಿಪ್ಪಣಿಯಲ್ಲಿ. 7312ರ ವೈರ್ ರೋಪ್, 7315ರ ಸರಪಳಿ, 7318ರ ಬೋಲ್ಟು-ನಟ್ಟು ಎಲ್ಲ ಅದರಲ್ಲಿ ಬರುತ್ತವೆ.

ಈಗ ನಿಮ್ಮ ಕಂಟೇನರಿಗೆ ಬರೋಣ. ಬೋಲ್ಟ್ 7318.15. ಪಾರ್ಟ್ ನಂಬರ್ ಹೊಡೆದಿದ್ದರೂ, ಬೇರೆಲ್ಲೂ ಕೂರದ ಅಳತೆಯದ್ದಾದರೂ, ಬೋಲ್ಟ್ ಬೋಲ್ಟೇ. ರೋಪ್ 7312.10. ಕತ್ತರಿಸಿ ಸಾಕೆಟ್ ಹಾಕಿದ ಮಾತ್ರಕ್ಕೆ ಅದು ಕ್ರೇನ್ ಭಾಗ ಆಗಿಬಿಡುವುದಿಲ್ಲ. ರಾಟೆಗೆ 8483.50. ವಿಂಚಿಗೆ 8425ರಲ್ಲೇ ಜಾಗವಿದೆ, ವಿದ್ಯುತ್ ಮೋಟರಿನದ್ದು 8425.31. ಕೊನೆಗೆ 8431.49ರಲ್ಲಿ ನೆಮ್ಮದಿಯಾಗಿ ಕೂರುವುದು ಮಾಸ್ಟ್ ಸೆಕ್ಷನ್ ಎರಡೇ. ಅವಕ್ಕೆ ಬೇರೆ ಎಲ್ಲೂ ಶೀರ್ಷಿಕೆ ಇಲ್ಲ, ಕ್ರೇನ್ ಬಿಟ್ಟು ಬೇರೆ ಕೆಲಸವೂ ಇಲ್ಲ.

ಸ್ಲೂಯಿಂಗ್ ರಿಂಗ್ ಬಗ್ಗೆ ಆಮೇಲೆ ಬರೆಯುತ್ತೇನೆ, ಅದು ಸ್ವಲ್ಪ ತಲೆನೋವು.

ಗ್ರೀಸ್‌ಕೈ:
ಒಪ್ಪಲ್ಲ ಅಣ್ಣಾ. ನಾವು ಇಡೀ ಟವರ್ ಕ್ರೇನನ್ನೇ ಬಿಚ್ಚಿದ ಸ್ಥಿತಿಯಲ್ಲಿ ತರಿಸಿದ್ದೆವು. ಬೋಲ್ಟು, ರೋಪು, ವಿಂಚು ಎಲ್ಲ 8426.20ರಲ್ಲೇ ಹೋಯಿತು. ಯಾರೂ ಒಂದು ಮಾತು ಕೇಳಲಿಲ್ಲ.

ಹಳೇಏಜೆಂಟ್:
ನಿಮ್ಮದೂ ಸರಿ. ಅಲ್ಲಿ ಕೆಲಸ ಮಾಡಿದ್ದು ಎಚ್‌ಎಸ್‌ನ ಸಾಮಾನ್ಯ ನಿಯಮ 2(ಎ). ಪೂರ್ತಿ ಯಂತ್ರವನ್ನು ಬಿಚ್ಚಿ ಒಟ್ಟಿಗೆ ತಂದರೆ ಅದನ್ನು ಜೋಡಿಸಿದ ಯಂತ್ರ ಎಂದೇ ನೋಡಬೇಕು. ಟವರ್ ಕ್ರೇನ್ ಅಂದರೆ 8426.20. ಒಂದೆರಡು ಭಾಗ ಕಡಿಮೆ ಇದ್ದರೂ, ನೋಡಿದರೆ ಕ್ರೇನ್ ಅನ್ನಿಸುವಷ್ಟು ಇದ್ದರೆ ಸಾಕು. ಆದರೆ ಎರಡು ಮಾಸ್ಟ್ ಸೆಕ್ಷನ್, ಒಂದು ವಿಂಚ್ ನೋಡಿ ಯಾರೂ ಅದನ್ನು ಕ್ರೇನ್ ಅನ್ನುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ. ಆ ಕಂಟೇನರಿನಲ್ಲಿ ‘ಇರಲಿ’ ಅಂತ ಒಂದು ರೋಪ್ ಜಾಸ್ತಿ ಇಟ್ಟಿದ್ದರಾ? ಜೋಡಣೆಗೆ ಬೇಕಾದ್ದಕ್ಕಿಂತ ಹೆಚ್ಚು ಇರುವುದು 8426.20ರ ಜೊತೆ ಹೋಗುವುದಿಲ್ಲ. ಅದಕ್ಕೆ ಬೇರೆ ಕೋಡ್, ಬೇರೆ ಸಾಲು.

ಗ್ರೀಸ್‌ಕೈ:
ಎರಡು ರೋಪ್ ಜಾಸ್ತಿ ಇತ್ತು. 😬 ಬಿಡಿ, ಈಗ ಬಾಯಿ ಬಿಡಲ್ಲ.

ರಿಂಗಿನ ವಿಷಯಕ್ಕೆ ನನ್ನದೊಂದು ಮಾತು. ನಾನು ಎಷ್ಟೋ ಸಲ ಬಿಚ್ಚಿದ್ದೇನೆ. ಗುಂಡಿನ ರಿಂಗ್ ಆದರೆ ಪಕ್ಕದಲ್ಲಿ ಒಂದು ಸಣ್ಣ ಪ್ಲಗ್ ಇರುತ್ತದೆ, ಪಿನ್ ಹಾಕಿ ಬಿಗಿದಿರುತ್ತಾರೆ. ಉಕ್ಕಿನ ಗುಂಡುಗಳನ್ನು ಒಂದೊಂದಾಗಿ ಒಳಗೆ ಬಿಡುವುದು ಆ ತೂತಿನಿಂದಲೇ. ನಡುನಡುವೆ ಪ್ಲಾಸ್ಟಿಕ್ ಸ್ಪೇಸರ್ ಕೂಡ ಇರುತ್ತವೆ. ಹೊರಗೆ ಹಲ್ಲು ಇದ್ದರೂ ಒಳಗೆ ಅದು ಪಕ್ಕಾ ಬೇರಿಂಗು.

ಹಳೇಏಜೆಂಟ್:
ಇದೇ ಬೇಕಿತ್ತು ನೋಡಿ. ಗುಂಡು ಅಂದರೆ ಬಾಲ್ ಬೇರಿಂಗ್, 8482.10. ಒಳಗೆ ರೋಲರ್ ಇದ್ದರೆ 8482ರಲ್ಲೇ ಬೇರೆ ಉಪಶೀರ್ಷಿಕೆ. ಹೊರಗಿನ ಹಲ್ಲು ತೋರಿಸಿ ಇದು ಗಿಯರ್, 8483 ಎಂದು ವಾದ ಮಾಡಬಹುದು. ಭಾರ ಹೊತ್ತು ತಿರುಗಿಸುವುದೇ ಮುಖ್ಯ ಕೆಲಸ, ಹಾಗಾಗಿ ನನ್ನ ಒಲವು 8482ರ ಕಡೆ. ಯಾವ ಕಡೆ ಹೋದರೂ ಎರಡೂ ಸ್ವಂತ ಶೀರ್ಷಿಕೆಗಳೇ, 8431 ಅಂತೂ ಅಲ್ಲ.

ಮಾಸ್ಟ್‌ಮೇಲೆ ಅವರೇ, ಫೋಟೊ ಸಾಲದು. ಅಡ್ಡ ಕೊಯ್ದು ತೋರಿಸುವ ಡ್ರಾಯಿಂಗ್ ತರಿಸಿ. ಇದೇ ರಿಂಗನ್ನು ಮುಂದೆಯೂ ತರಿಸುವವರಿದ್ದರೆ ಕಸ್ಟಮ್ಸ್‌ನಿಂದ ಮುಂಗಡ ತೀರ್ಪು ಕೇಳಿ, ಅಂದರೆ ಸರಕು ಬರುವ ಮೊದಲೇ ಕೋಡ್ ಯಾವುದೆಂಬ ಲಿಖಿತ ನಿರ್ಧಾರ. ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮ ಒಪ್ಪಂದ 2017ರಲ್ಲಿ ಜಾರಿಗೆ ಬಂತಲ್ಲ, ಅದರ 3ನೇ ವಿಧಿಯೇ ಈ ಮುಂಗಡ ತೀರ್ಪಿನದ್ದು. ಮತ್ತೆ ನಾನು ಹೇಳಿದ್ದೆಲ್ಲ ಮೊದಲ ಆರು ಅಂಕಿ. ಅಷ್ಟು ಮಾತ್ರ ಎಲ್ಲ ಕಡೆ ಒಂದೇ. ಅದರ ಮುಂದಿನ ಅಂಕಿಗಳು ಆಯಾ ದೇಶದ್ದು, ಸುಂಕದ ದರ ನಿಲ್ಲುವುದೂ ಅದರ ಮೇಲೆ.

ಡ್ರಮ್‌ಬೀಟ್:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರಿಲ್ಲ ತಾನೇ. ನಮಗೆ ವಿಂಚ್ ಬೇಡ, ಅದರ ಡ್ರಮ್ ಮಾತ್ರ ಬರುತ್ತಿದೆ. ಅದು 8431.49 ಆಗುತ್ತಾ?

ಹಳೇಏಜೆಂಟ್:
ಶೀರ್ಷಿಕೆ ಅದೇ, ಉಪಶೀರ್ಷಿಕೆ ಬೇರೆ. ಡ್ರಮ್ ವಿಂಚಿನ ಭಾಗ, ವಿಂಚ್ 8425ರದ್ದು. 8425ರ ಭಾಗಗಳಿಗೆ 8431.10. ಕೊನೆಯ ಎರಡಂಕಿಯಲ್ಲಿ ಜಾರಿ ಬೀಳುವವರೇ ಜಾಸ್ತಿ.

ಮಾಸ್ಟ್‌ಮೇಲೆ:
ಅಪ್‌ಡೇಟ್. ಮಾರಿದವರ ಹತ್ತಿರ ಇನ್‌ವಾಯ್ಸನ್ನು ಆರು ಸಾಲು ಮಾಡಿಸಿಕೊಂಡೆ, ಒಂದೊಂದಕ್ಕೂ ತೂಕ, ಬೆಲೆ ಬೇರೆ ಬೇರೆ. ವಿಂಚಿನ ನೇಮ್‌ಪ್ಲೇಟಿನ ಫೋಟೊ ಹಚ್ಚಿ, ಟಿಪ್ಪಣಿ 2 ಉಲ್ಲೇಖಿಸಿ ತಿದ್ದುಪಡಿ ಕೊಟ್ಟೆ. ಐದು ಸಾಲು ಒಪ್ಪಿದ್ದಾರೆ. ಕೆಲವಕ್ಕೆ ಸುಂಕ ವ್ಯತ್ಯಾಸ ಕಟ್ಟಬೇಕಾಯಿತು, ಕಟ್ಟಿದೆ.

ರಿಂಗ್ ಮಾತ್ರ ಬಾಕಿ. ಡ್ರಾಯಿಂಗ್ ನಿನ್ನೆ ಬಂತು. ಗ್ರೀಸ್‌ಕೈ ಹೇಳಿದ ಪ್ಲಗ್ ಅದರಲ್ಲಿ ಕಾಣುತ್ತಿದೆ, ಬಾಣ ಹಾಕಿ ಗುರುತು ಮಾಡಿ ಕಳಿಸಿದ್ದೇನೆ. ಉತ್ತರ ಬಂದ ಮೇಲೆ ಇಲ್ಲೇ ಹಾಕುತ್ತೇನೆ.